ಬೋಲ್ಟ್‌ಗೆ ಲೆಕ್ಕವಿದೆ, ಬಿಗಿಯುವವನಿಗೆ ಇಲ್ಲ

ಬೆಂಗಳೂರಿನಲ್ಲಿ ಈಗ ಹಲವು ಮಹಡಿಯ ಆಫೀಸುಗಳು ಸ್ಟೀಲ್ ಕಂಬಗಳ ಮೇಲೂ ಏಳುತ್ತಿವೆ. ಕಂಬ, ಬೀಮುಗಳನ್ನು ವರ್ಕ್‌ಶಾಪಿನಲ್ಲೇ ಅಳತೆಗೆ ಕತ್ತರಿಸಿ, ತೂತು ಕೊರೆದು, ನಂಬರ್ ಬರೆದು ಲಾರಿಯಲ್ಲಿ ತರುತ್ತಾರೆ. ಕ್ರೇನ್ ಎತ್ತಿಕೊಡುತ್ತದೆ. ಮೇಲೆ ನಿಂತವನು ತೂತಿಗೆ ತೂತು ಕೂಡಿಸಿ ಬೋಲ್ಟ್ ಬಿಗಿಯುತ್ತಾನೆ. ಕಂಬಕ್ಕೆ ಸೆಂಟ್ರಿಂಗ್ ಕಟ್ಟಿ, ಕಾಂಕ್ರೀಟ್ ಗಟ್ಟಿಯಾಗಲೆಂದು ಕಾಯಬೇಕಿಲ್ಲ. ಹಾಗೆ ಮೇಲೆ ನಿಂತವರಲ್ಲಿ ನಮ್ಮ ಹಳ್ಳಿಗಳ ಹುಡುಗರೂ ಇದ್ದಾರೆ.

ಇಂಥ ಕಟ್ಟಡದ ಪ್ರಾಣ ಇರುವುದು ಜೋಡಣೆಯಲ್ಲಿ. ನ್ಯೂಯಾರ್ಕಿನ 59 ಮಹಡಿಯ ಸಿಟಿಕಾರ್ಪ್ ಕಟ್ಟಡ 1977ರಲ್ಲಿ ಮುಗಿಯಿತು. ಮರುವರ್ಷ ಅದರ ಎಂಜಿನಿಯರ್ ವಿಲಿಯಂ ಲೆಮೆಷರ್ ಮತ್ತೆ ಲೆಕ್ಕ ಹಾಕಿದರು. ವೆಲ್ಡಿಂಗ್ ಆಗಬೇಕಿದ್ದ ಜೋಡಣೆಗಳಿಗೆ ಬೋಲ್ಟ್ ಹಾಕಲಾಗಿತ್ತು; ಬಿರುಗಾಳಿಗೆ ಅವು ಸಾಲವು ಎಂದು ಲೆಕ್ಕ ಹೇಳಿತು. ಆಫೀಸಿನವರು ಮನೆಗೆ ಹೋದ ಮೇಲೆ, ರಾತ್ರಿ ಹೊತ್ತು ವೆಲ್ಡರ್‌ಗಳು 200ಕ್ಕೂ ಹೆಚ್ಚು ಜೋಡಣೆಗಳ ಮೇಲೆ ದಪ್ಪ ಸ್ಟೀಲ್ ಪ್ಲೇಟ್ ಕೂರಿಸಿದರು. ಜನರಿಗೆ ಪೂರ್ತಿ ಸಂಗತಿ ತಿಳಿದದ್ದು 1995ರಲ್ಲಿ.

ಅಷ್ಟು ದೊಡ್ಡ ಕಟ್ಟಡ ವೆಲ್ಡರ್‌ಗಳ ಕೈಗೆಲಸದ ಮೇಲೆ ನಿಂತಿತು. ಇಲ್ಲಿಯೂ ಅಷ್ಟೆ. ಆದರೆ ಬೋಲ್ಟಿನ ಸೈಜು, ಬಿಗಿ, ತಪಾಸಣೆ ಎಲ್ಲವೂ ಕಾಗದದ ಮೇಲಿರುತ್ತದೆ. ಬಿಗಿಯುವವನ ಹೆಸರು ಎಷ್ಟೋ ಕಡೆ ಮೇಸ್ತ್ರಿಯ ಫೋನಿನಲ್ಲಿ ಮಾತ್ರ.

ಕಟ್ಟಡ ಕಾರ್ಮಿಕರ ಕಾನೂನು 1996ರಲ್ಲೇ ಬಂತು. ನಮ್ಮ ರಾಜ್ಯದಲ್ಲಿ ನಿರ್ಮಾಣ ವೆಚ್ಚದ ಶೇ 1ರಷ್ಟು ಸೆಸ್ ಇದೆ. 100 ಕೋಟಿಯ ಕಟ್ಟಡ ಎದ್ದರೆ 1 ಕೋಟಿ ಕಾರ್ಮಿಕರ ಕಲ್ಯಾಣಕ್ಕೆ. ಆದರೆ ಲೇಬರ್ ಕಾರ್ಡ್ ಬೇಕಾದರೆ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು. ಹೊಸಬನಿಗೆ ಎತ್ತರವೂ ಹೊಸದು, ಸೇಫ್ಟಿ ಬೆಲ್ಟೂ ಹೊಸದು. ಕೈಯಲ್ಲಿ ಕಾರ್ಡ್ ಇಲ್ಲದಿರುವುದೂ ಅದೇ ದಿನಗಳಲ್ಲಿ. ಇತ್ತ, ಕಟ್ಟಡ ಕೆಲಸವನ್ನೇ ಮಾಡದವರು ಕಾರ್ಡ್ ಮಾಡಿಸಿಕೊಂಡಿದ್ದಾರೆಂದು ಸರ್ಕಾರವೇ ನಕಲಿ ಕಾರ್ಡ್‌ಗಳನ್ನು ರದ್ದು ಮಾಡಿದೆ. ಅಂದರೆ 90 ದಿನದ ನಿಯಮ ನಕಲಿಯನ್ನು ತಡೆಯಲಿಲ್ಲ, ಅಸಲಿಯನ್ನು ಹೊರಗಿಟ್ಟಿತು.

ನಮ್ಮ ಒತ್ತಾಯ ಇಷ್ಟೆ: ಎತ್ತರದ ಕೆಲಸಕ್ಕೆ ಬಂದವನ ಹೆಸರು ಮೊದಲ ದಿನವೇ ನೋಂದಣಿ ಆಗಬೇಕು. ಅದನ್ನು ಮಾಡಿಸುವ ಹೊಣೆ ಗುತ್ತಿಗೆದಾರನದಾಗಬೇಕು. ಕೆಲಸ ಬಿಟ್ಟು ಆಫೀಸು ಅಲೆಯುವುದು ಹುಡುಗನಿಗೆ ಆಗದ ಮಾತು.

ಅಲ್ಲಿಯವರೆಗೆ ಒಂದು ಮಾತು ತಿಳಿದಿರಲಿ. ಕೆಲಸದಲ್ಲಿ ಪೆಟ್ಟಾದರೆ ಮಾಲೀಕ ಪರಿಹಾರ ಕೊಡಬೇಕೆಂಬ ಕಾನೂನು ನಮ್ಮ ದೇಶಕ್ಕೆ ಬಂದದ್ದು 1923ರಲ್ಲಿ. ಅದಕ್ಕೆ ಲೇಬರ್ ಕಾರ್ಡ್ ಬೇಕಿಲ್ಲ. ಆದರೆ ಅಲ್ಲಿ ಕೆಲಸ ಮಾಡುತ್ತಿದ್ದ ಎಂಬುದಕ್ಕೆ ಸಾಕ್ಷಿ ಬೇಕು. ಆದ್ದರಿಂದ ಮಗ ಬಸ್ ಹತ್ತುವ ಮುಂಚೆ ಗುತ್ತಿಗೆದಾರನ ಹೆಸರು, ಫೋನ್ ನಂಬರ್, ಸೈಟಿನ ವಿಳಾಸ ಮನೆಯಲ್ಲಿ ಬರೆದಿಡಿ. ಕೂಲಿ ಬ್ಯಾಂಕ್ ಖಾತೆಗೇ ಹಾಕಲು ಕೇಳಿ. ಹಾಜರಿ ಪುಸ್ತಕದ ಫೋಟೊ ವಾರಕ್ಕೊಮ್ಮೆ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಿ. ಹೆಸರು, ವಿಳಾಸ ಕೊಡಲು ಹಿಂದೆಮುಂದೆ ನೋಡುವ ಮೇಸ್ತ್ರಿಯ ಜೊತೆ, ಮುಂಗಡ ಎಷ್ಟೇ ಕೊಟ್ಟರೂ, ಮಗನನ್ನು ಕಳಿಸಬೇಡಿ.