ಗೋಲಿನ ಹಿಂದೆ ಕುಳಿತವರ ಹೆಸರೇನು?

ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 2023ರ ಜುಲೈ 4ರ ರಾತ್ರಿ ದಕ್ಷಿಣ ಏಷ್ಯಾ ಫುಟ್‌ಬಾಲ್ ಚಾಂಪಿಯನ್‌ಷಿಪ್‌ನ ಫೈನಲ್ ನಡೆಯಿತು. ಹೆಚ್ಚುವರಿ ಅವಧಿಯ ನಂತರವೂ 1–1ರಿಂದ ಸಮಬಲವಾಗಿದ್ದ ಪಂದ್ಯವನ್ನು ಭಾರತ ಪೆನಾಲ್ಟಿ ಶೂಟೌಟ್‌ನಲ್ಲಿ 5–4ರಿಂದ ಗೆದ್ದುಕೊಂಡಿತು. ಕುವೈತ್ ನಾಯಕ ಖಾಲಿದ್ ಹಾಜಿಯಾ ಅವರ ಒದೆತವನ್ನು ಗುರುಪ್ರೀತ್ ಸಿಂಗ್ ಸಂಧು ತಡೆದ ಆ ಕ್ಷಣ ಛಾಯಾಚಿತ್ರವಾಗಿ ಅನೇಕರ ನೆನಪಿನಲ್ಲಿ ಉಳಿದಿದೆ. ಆದರೆ ಅದನ್ನು ಸೆರೆಹಿಡಿದವರ ಹೆಸರನ್ನು ಗಮನಿಸಿದವರೆಷ್ಟು ಮಂದಿ?

ಕ್ರೀಡಾ ಛಾಯಾಗ್ರಹಣವೆಂದರೆ ಗುಂಡಿ ಒತ್ತುವ ಕೆಲಸವಷ್ಟೇ ಅಲ್ಲ, ಅದು ಆಯ್ಕೆಯ ಕೆಲಸ. ಯಾವ ಗೋಲಿನ ಹಿಂದೆ ಕುಳಿತುಕೊಳ್ಳಬೇಕೆಂದು ಪಂದ್ಯಕ್ಕೆ ಮೊದಲೇ ತೀರ್ಮಾನಿಸಬೇಕು. ಶೂಟೌಟ್ ವೇಳೆ ಒದೆಯುವವನ ಮುಖ ಬೇಕೋ, ಗೋಲ್‌ಕೀಪರನ ಜಿಗಿತ ಬೇಕೋ ಎಂಬುದನ್ನು ಕ್ಷಣಮಾತ್ರದಲ್ಲಿ ನಿರ್ಧರಿಸಬೇಕು. ಅದೇ ಟೂರ್ನಿಯಲ್ಲಿ ಜೂನ್ 21ರಂದು ಭಾರತ 4–0ಯಿಂದ ಪಾಕಿಸ್ತಾನವನ್ನು ಸೋಲಿಸಿದಾಗ ಸುನಿಲ್ ಚೆಟ್ರಿ ಹ್ಯಾಟ್ರಿಕ್ ಸಾಧಿಸಿದರು. ಆ ಪಂದ್ಯದಲ್ಲಿಯೇ ವಿರಾಮಕ್ಕೆ ತುಸು ಮೊದಲು ಭಾರತದ ಕೋಚ್ ಇಗೊರ್ ಸ್ಟಿಮಾಚ್ ಎದುರಾಳಿ ಆಟಗಾರನ ಕೈಯಿಂದ ಚೆಂಡನ್ನು ಕಿತ್ತು ಕೆಂಪು ಕಾರ್ಡ್ ಪಡೆದರು. ಎಲ್ಲರ ಕಣ್ಣು ಗೋಲಿನತ್ತ ಇರುವಾಗ ಅಂಚಿನ ಗೆರೆಯಲ್ಲಿ ನಡೆಯುವುದನ್ನೂ ಕಾಣಬಲ್ಲವನೇ ನಿಜವಾದ ಪತ್ರಿಕಾ ಛಾಯಾಗ್ರಾಹಕ.

ಇಂತಹ ಕಣ್ಣಿನ ಬೆಲೆ ಏನೆಂಬುದಕ್ಕೆ ಇತಿಹಾಸದಲ್ಲಿ ಸಾಕ್ಷ್ಯವಿದೆ. 1970ರ ವಿಶ್ವಕಪ್‌ನಲ್ಲಿ ಪೆಲೆ ಮತ್ತು ಬಾಬಿ ಮೂರ್ ಅಂಗಿ ಬದಲಿಸಿಕೊಂಡ ಚಿತ್ರ ತೆಗೆದವರು ಜಾನ್ ವಾರ್ಲಿ. 1986ರಲ್ಲಿ ಮರಡೋನಾ ಕೈಯಿಂದ ಚೆಂಡನ್ನು ಗೋಲಿಗೆ ತಳ್ಳಿದ್ದು ರೆಫರಿಗೆ ಕಾಣಲಿಲ್ಲ; ಮೆಕ್ಸಿಕೊದ ಛಾಯಾಗ್ರಾಹಕ ಅಲೆಹಾಂಡ್ರೊ ಒಹೆದಾ ಕಾರ್ಬಹಾಲ್ ಅವರ ಕ್ಯಾಮೆರಾಕ್ಕೆ ಕಂಡಿತು. ಗೋಲು ಊರ್ಜಿತವಾಯಿತು, ಸತ್ಯವೂ ಉಳಿಯಿತು.

ಇಂದು ಈ ವೃತ್ತಿ ಮಾಡುವವರಲ್ಲಿ ಮಾಸಿಕ ಸಂಬಳವಿಲ್ಲದ ಸ್ವತಂತ್ರ ಛಾಯಾಗ್ರಾಹಕರೂ ಇದ್ದಾರೆ. ತಲಘಟ್ಟಪುರದಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವ ಅಂಥವನೊಬ್ಬನನ್ನು ಕಲ್ಪಿಸಿಕೊಳ್ಳಿ. 2021ರಲ್ಲಿ ಕನಕಪುರ ರಸ್ತೆಯ ಆ ಭಾಗಕ್ಕೆ ಮೆಟ್ರೊ ಬಂದದ್ದರಿಂದ ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯುವುದು ಸುಲಭವಾಗಿದೆ. ಸುಲಭವಲ್ಲದ್ದು ಉಳಿದ ಲೆಕ್ಕ. ಈ ಕೆಲಸಕ್ಕೆ ಬೇಕಾದ 400 ಎಂ.ಎಂ. ಲೆನ್ಸ್‌ನ ಉತ್ತಮ ದರ್ಜೆಯದಕ್ಕೆ ಹತ್ತು ಲಕ್ಷ ರೂಪಾಯಿಗೂ ಹೆಚ್ಚು ಬೆಲೆ. ಮಳೆಯಲ್ಲಿ ನೆನೆದು ಕೆಟ್ಟರೆ ನಷ್ಟ ಅವನದೇ. ಪಂದ್ಯ ನಡೆಯುತ್ತಿರುವಾಗಲೇ ಚಿತ್ರಗಳನ್ನು ಆರಿಸಿ, ಶೀರ್ಷಿಕೆ ಬರೆದು ಕಳುಹಿಸಬೇಕು. ಅವನು ಮನೆ ತಲುಪುವ ಮುನ್ನವೇ ಅವೇ ಚಿತ್ರಗಳು ಹೆಸರಿಲ್ಲದೆ ಸಾವಿರಾರು ಮೊಬೈಲ್‌ಗಳಲ್ಲಿ ಹರಿದಾಡುತ್ತಿರಬಹುದು.

ಕಾನೂನು ಅವನ ಪರವಾಗಿ ಇಲ್ಲವೆಂದೇನಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ಹಕ್ಕನ್ನು ಮಾರಿದ ಮೇಲೂ ‘ಇದು ನನ್ನ ಕೃತಿ’ ಎಂದು ಹೇಳಿಕೊಳ್ಳುವ ಅಧಿಕಾರ ಕರ್ತೃವಿಗೆ ಇರುತ್ತದೆ. 2012ರ ತಿದ್ದುಪಡಿಯಿಂದ ಛಾಯಾಚಿತ್ರದ ಸ್ವಾಮ್ಯ ಕರ್ತೃವಿನ ಜೀವಿತಾವಧಿ ಹಾಗೂ ನಂತರದ 60 ವರ್ಷಗಳಿಗೆ ವಿಸ್ತರಿಸಿದೆ. ಆದರೆ 17ನೇ ಸೆಕ್ಷನ್‌ನಲ್ಲೊಂದು ತೊಡಕಿದೆ. ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ಚಿತ್ರ ತೆಗೆಸಿದವರೇ ಅದರ ಮೊದಲ ಒಡೆಯರು. ಪತ್ರಿಕೆಯ ನೌಕರನಿಗಾದರೋ ಪ್ರಕಟಣೆಯ ಹೊರತಾದ ಹಕ್ಕುಗಳು ಉಳಿಯುತ್ತವೆ; ಬಾಯಿಮಾತಿನ ಮೇಲೆ ಕೆಲಸ ಒಪ್ಪಿಕೊಂಡ ಸ್ವತಂತ್ರ ಛಾಯಾಗ್ರಾಹಕನಿಗೆ ಅದೂ ಇಲ್ಲ.

ಮೊಬೈಲ್ ಹಿಡಿದವರೆಲ್ಲ ಛಾಯಾಗ್ರಾಹಕರಾಗಿರುವಾಗ, ಸಂಘಟಕರೇ ಚಿತ್ರಗಳನ್ನು ಪುಕ್ಕಟೆ ಒದಗಿಸುವಾಗ ಈ ವೃತ್ತಿಯೇ ಏಕೆ ಬೇಕೆಂದು ಕೇಳುವವರಿದ್ದಾರೆ. ಪತ್ರಿಕೆಗಳ ಆರ್ಥಿಕ ಇಕ್ಕಟ್ಟನ್ನು ಅಲ್ಲಗಳೆಯುವಂತಿಲ್ಲ. ಆದರೆ ಸಂಘಟಕರ ಚಿತ್ರಗಳಲ್ಲಿ ಟ್ರೋಫಿ ಇರುತ್ತದೆ, ನಗು ಇರುತ್ತದೆ. ಕೋಚ್‌ನ ಕೆಂಪು ಕಾರ್ಡ್, ಜಲಾವೃತ ಮೈದಾನ, ಖಾಲಿ ಕುರ್ಚಿಗಳು ಅವುಗಳಲ್ಲಿ ಇರಲೇಬೇಕೆಂಬ ನಿಯಮವೇನೂ ಇಲ್ಲ. ಆತಿಥೇಯನ ಕಣ್ಣಿನಿಂದ ಮಾತ್ರ ನೋಡಿದ ಪಂದ್ಯ ವರದಿಯಾಗುವುದಿಲ್ಲ, ಜಾಹೀರಾತಾಗುತ್ತದೆ.

ಆದ್ದರಿಂದ ಆಗಬೇಕಾದದ್ದು ಸ್ಪಷ್ಟ. ಪ್ರತಿ ಚಿತ್ರದ ಕೆಳಗೂ ತೆಗೆದವರ ಹೆಸರು ಇರಬೇಕು. ಒಂದೇ ಪುಟದ್ದಾದರೂ ಸರಿ, ಸಂಭಾವನೆ ಮತ್ತು ಮರುಬಳಕೆಯ ಷರತ್ತುಗಳನ್ನು ಹೇಳುವ ಲಿಖಿತ ಒಪ್ಪಂದ ಇರಬೇಕು. ಅಂತರರಾಷ್ಟ್ರೀಯ ಪಂದ್ಯಗಳಿಗೆ ಅನುಮತಿಪತ್ರ ನೀಡುವಾಗ ಸ್ಥಳೀಯ ಸ್ವತಂತ್ರ ಛಾಯಾಗ್ರಾಹಕರಿಗೆ ಪಾಲು ಇರಬೇಕು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಮೊದಲ ಒಲಿಂಪಿಕ್ ಗೋಲು ಗಳಿಸಿದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅಷ್ಟು ಹಳೆಯ ಫುಟ್‌ಬಾಲ್ ಪರಂಪರೆಯುಳ್ಳ ನಗರದ ಆಟಗಾರರನ್ನು ಮುಂದಿನ ಪೀಳಿಗೆ ಕಾಣಬೇಕಾದರೆ, ಅವರನ್ನು ಕಂಡು ದಾಖಲಿಸುವವರು ಮೊದಲು ಬದುಕಬೇಕು.