ಪಿಜ್ಜಾ ಅನ್ರಿ, ಪೀಟ್ಸಾ ಅನ್ರಿ, ನಗಬ್ಯಾಡ್ರಿ

ಹೋದ ಸೆಮಿಸ್ಟರ್‌ನ್ಯಾಗ ನಾವು ಐದಾರು ಮಂದಿ ಗೆಳೆಯರು ಬೆಳಗಾವಿಯ ಒಂದು ಬೇಕರಿಗೆ ಹೋಗಿದ್ವಿ. ದಿನಾ ಖಾನಾಪುರದಿಂದ ಬಸ್ಸಿಗೆ ಓಡಾಡೋ ನಮ್ಮ ದೋಸ್ತ "ಒಂದು ಪಿಜ್ಜಾ ಕೊಡ್ರಿ" ಅಂದ. ನಮ್ಮೊಳಗೊಬ್ಬ "ಲೇ, ಪಿಜ್ಜಾ ಅಲ್ಲಲೇ, ಪೀಟ್ಸಾ" ಅಂದ. ಎಲ್ಲಾರೂ ನಕ್ವಿ.

ಮುಂದಿನ ವಾರ ಪ್ರಾಜೆಕ್ಟ್ ಸೆಮಿನಾರ್. ಅರ್ಧ ಕೆಲಸ ಮಾಡಿದವ ಅವನೇ. ಮಾತಾಡೋ ಸರದಿ ಬಂದಾಗ ಮಾತ್ರ "ನೀವ ಹೇಳ್ರಲೇ, ನನ್ನ ಇಂಗ್ಲಿಷ್ ಸರಿ ಇಲ್ಲ" ಅಂತ ಹಿಂದೆ ಸರಿದ. ಆಗ ನಮ್ಮ ನಗು ನಮಗೇ ಚುಚ್ಚಿತು.

ಅಷ್ಟಕ್ಕೂ 'ಸರಿ' ಉಚ್ಚಾರ ಅಂದ್ರ ಯಾರದು? ಟೊಮ್ಯಾಟೊನೇ ತಗೊಳ್ರಿ. ಬ್ರಿಟನ್ನಿನವರು ಟೊಮಾಟೊ ಅಂತಾರೆ, ಅಮೆರಿಕದವರು ಟೊಮೇಟೊ. ಮೂಲದಲ್ಲಿ ಅದು ಮೆಕ್ಸಿಕೊದ ನಾವಾಟ್ಲ್ ಭಾಷೆಯ 'ಟೊಮಾಟ್ಲ್'. ಮೂಲವೇ ಸರಿ ಅಂದ್ರ ಇಬ್ಬರೂ ಫೇಲು!

ನಮ್ಮ ಬಟಾಟಿ ಕಥೀನೂ ಹಂಗ. ಖಾನಾಪುರ ತಾಲೂಕು ದಾಟಿದರೆ ಗೋವಾ. 1961ರವರೆಗೆ ಅಲ್ಲಿ ಆಳಿದ ಪೋರ್ಚುಗೀಸರ 'ಬಟಾಟಾ' ನಮ್ಮ ಬಾಯಲ್ಲಿ ಬಟಾಟಿ ಆಯಿತು. ಅದೇ ಬೇರಿನ ಶಬ್ದ ಸ್ಪೇನಿನ ದಾರಿ ಹಿಡಿದು ಇಂಗ್ಲಿಷಿಗೆ ಹೋಗಿ ಪೊಟ್ಯಾಟೊ ಆಯಿತು. ಎರಡೂ ಅಣ್ತಮ್ಮ ಶಬ್ದಗಳು. ಪೊಟ್ಯಾಟೊ ಅಂದವ ಶಾಣ್ಯಾ, ಬಟಾಟಿ ಅಂದವ ಹಳ್ಳಿ ಗಮಾರ ಹೆಂಗಾಗ್ತಾನ?

ನಮ್ಮ ಬಾಯಿಗೂ ಒಂದು ವ್ಯಾಕರಣ ಐತಿ. ಬನ್ ಅನ್ನೋದು ಬನ್ನು, ಬ್ರೆಡ್ ಬ್ರೆಡ್ಡು ಆಗುತ್ತದೆ. ಆದರೆ ಕೇಕ್ ಬರೀ ಕೇಕು, ಸೂಪ್ ಬರೀ ಸೂಪು. ಇಂಥ ಸಣ್ಣ ಶಬ್ದಗಳಲ್ಲಿ ಸ್ವರ ಹ್ರಸ್ವವಾಗಿದ್ದರೆ ಕೊನೆಯ ವ್ಯಂಜನ ಇಮ್ಮಡಿಯಾಗುತ್ತದೆ, ದೀರ್ಘವಾಗಿದ್ದರೆ ಆಗುವುದಿಲ್ಲ. ಇದನ್ನ ಯಾವ ಮಾಸ್ತರರೂ ನಮಗೆ ಕಲಿಸಿಲ್ಲ. ಆದ್ರೂ 'ಕೇಕ್ಕು' ಅಂದವರನ್ನ ನಾವು ಇನ್ನೂ ಕಂಡಿಲ್ಲ. ಇಂಗ್ಲಿಷಿನ ಶಬ್ದಾನ ಕನ್ನಡ ತನ್ನ ನಿಯಮದ ಪ್ರಕಾರ ಮನೆಯೊಳಗೆ ಕರಕೊಳ್ಳೋ ರೀತಿ ಇದು. ನಗೋದು ಏನೈತಿ ಇದರಾಗ?

ಹಂಗಂತ ಹೆಂಗ ಮಾತಾಡಿದ್ರೂ ನಡೀತೈತಿ ಅಂತ ನಾವು ಹೇಳಾಕತ್ತಿಲ್ಲ. ಪ್ಲೇಸ್‌ಮೆಂಟ್ ಇಂಟರ್‌ವ್ಯೂದಲ್ಲಿ ನಾವಂದದ್ದು ಎದುರಿನವರಿಗೆ ತಿಳಿಯಬೇಕು. ಅದಕ್ಕೆ ಅಭ್ಯಾಸ ಬೇಕೇ ಬೇಕು. ಆದರೆ ಬಾಯಿ ಬಿಟ್ಟರೆ ತಾನೇ ಅಭ್ಯಾಸ? ವರ್ಕ್‌ಶಾಪಿನಲ್ಲಿ ಲೇಥ್ ಮೇಲೆ ಶಾಫ್ಟ್ ಟರ್ನಿಂಗ್ ಮಾಡುವಾಗ ಪ್ರತಿ ಅಳತೆಗೂ ಟಾಲರೆನ್ಸ್ ಇಟ್ಟಿರ್ತೀವಿ. ಅದರೊಳಗೆ ಬಂದ ಪೀಸನ್ನ ಯಾರೂ ಬಿಸಾಡೋದಿಲ್ಲ. ಕಬ್ಬಿಣಕ್ಕೆ ಕೊಡೋ ಅಷ್ಟು ಸಡಿಲು ಗೆಳೆಯನ ಮಾತಿಗೂ ಕೊಡೋಣ. ತಿದ್ದಲೇಬೇಕು ಅನ್ನಿಸಿದರೆ ಪಕ್ಕಕ್ಕೆ ಕರೆದು ಹೇಳೋಣ, ನಾಲ್ಕು ಮಂದಿ ಮುಂದ ಬ್ಯಾಡ.

ನಾವು ಅವನಿಗೆ ಸಾರಿ ಕೇಳಿದೀವಿ. "ಮೊದಲ ಪಿಜ್ಜಾ ಕೊಡಿಸ್ರಲೇ" ಅಂದ, ಕೊಡಿಸಿದ್ವಿ. ಈ ಸಲದ ರಿವ್ಯೂನ್ಯಾಗ ಮೊದಲು ಮಾತಾಡಾಂವ ಅವನ.