ಆಸ್ಪತ್ರೆಯ ಕಾವಲೂ ಅದರ ವೆಚ್ಚವೂ

ದೇವರು ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯು ಕನ್ನಡನಾಡಿನಲ್ಲಿ ಬಹು ಹಳೆಯದು. ಸರಕಾರವು ಕಳುಹಿಸಿದ ಔಷಧವು ಹಳ್ಳಿಯ ರೋಗಿಯನ್ನು ಮುಟ್ಟುವುದರೊಳಗಾಗಿ ಎಷ್ಟು ಕೈಗಳನ್ನು ದಾಟಬೇಕೆಂಬುದನ್ನು ಬಲ್ಲವರಿಗೆ ಈ ಗಾದೆಯ ಅರ್ಥವನ್ನು ವಿವರಿಸಬೇಕಾದುದಿಲ್ಲ. ನಿಯಮದಂತೆ ಬಯಲು ಪ್ರದೇಶದ 30,000 ಜನರಿಗೂ ಗುಡ್ಡಗಾಡಿನ 20,000 ಜನರಿಗೂ ಒಂದೊಂದು ಪ್ರಾಥಮಿಕ ಆರೋಗ್ಯ ಕೇಂದ್ರವಿರತಕ್ಕದ್ದು. ಆದರೆ ನಡುರಾತ್ರಿಯಲ್ಲಿ ಹೆರಿಗೆಯ ನೋವಿನಿಂದ ಬಂದವಳಿಗೆ ಬೇಕಾದುದು ನಿಯಮವಲ್ಲ. ತೆರೆದ ಬಾಗಿಲು, ಎಚ್ಚರವಾಗಿರುವ ದಾದಿ, ಉರಿಯುವ ದೀಪ. ಇವುಗಳಲ್ಲಿ ಒಂದೂ ಇಲ್ಲದಿದ್ದರೂ ದಫ್ತರದಲ್ಲಿ ಎಲ್ಲವೂ ಸರಿಯಾಗಿ ನಡೆದಂತೆಯೇ ಬರೆದಿರಬಹುದು. ಇದನ್ನು ಕಂಡು ಹೇಳತಕ್ಕವರು ಯಾರು?

ಊರವರೇ ಎಂಬ ಉತ್ತರವು ಹೊಸದಲ್ಲ. ಸರ್ ಜೋಸೆಫ್ ಭೋರ್ ಅವರ ಸಮಿತಿಯು 1946ರ ವರದಿಯಲ್ಲಿಯೇ ಹಳ್ಳಿಹಳ್ಳಿಗೂ ಆರೋಗ್ಯ ಸಮಿತಿಯು ಬೇಕೆಂದು ಹೇಳಿತು. ಆರೋಗ್ಯಸೇವೆಯ ಯೋಜನೆಯಲ್ಲಿಯೂ ನಿರ್ವಹಣದಲ್ಲಿಯೂ ಪಾಲುಗೊಳ್ಳುವುದು ಜನರ ಹಕ್ಕೂ ಕರ್ತವ್ಯವೂ ಹೌದೆಂದು 1978ರ ಆಲ್ಮಾ-ಅಟಾ ಘೋಷಣೆಯು ಸಾರಿತು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಮೊದಲಾದ ಬಳಿಕ, 2007ರಿಂದ 2009ರ ವರೆಗೆ ಕರ್ನಾಟಕವೂ ಸೇರಿ ಒಂಬತ್ತು ರಾಜ್ಯಗಳಲ್ಲಿ ಇದರ ಪ್ರಯೋಗವೂ ನಡೆಯಿತು. ಹಳ್ಳಿಗರು ಒಂದೆಡೆ ಕುಳಿತು, ತಮಗೆ ದೊರೆತ ಸೇವೆಯನ್ನು ಒಂದೊಂದಾಗಿ ವಿಚಾರಿಸಿ, ಚೆನ್ನಾಗಿದ್ದರೆ ಹಸುರು, ಸಾಧಾರಣವಾಗಿದ್ದರೆ ಹಳದಿ, ಕೆಟ್ಟಿದ್ದರೆ ಕೆಂಪು ಎಂದು ಗುರುತಿಟ್ಟರು. ಅನಂತರ ಬಹಿರಂಗ ಸಭೆಯಲ್ಲಿ ಅಧಿಕಾರಿಗಳು ಜನರೆದುರಿಗೆ ಉತ್ತರ ಹೇಳಬೇಕಾಯಿತು. ಮಹಾರಾಷ್ಟ್ರದಲ್ಲಿ ಐದು ಜಿಲ್ಲೆಗಳಿಂದ ಮೊದಲಾದ ಈ ಕಾರ್ಯವು ಮುಂದೆ ಇತರ ಜಿಲ್ಲೆಗಳಿಗೂ ಹಬ್ಬಿತು. ಬೇರೆ ಕೆಲವೆಡೆ ಹಣವು ಮುಗಿದೊಡನೆ ಉತ್ಸಾಹವೂ ಮುಗಿಯಿತು.

ರೋಗದ ಮೂಲವು ಇಲ್ಲಿಯೇ ಇದೆ. ಕಾವಲು ಬೇಕೆಂಬುದನ್ನು ಎಲ್ಲರೂ ಒಪ್ಪುವರು. ಕಾವಲಿನ ವೆಚ್ಚವನ್ನು ಹೊರುವವರು ಮಾತ್ರ ಇಲ್ಲ. ಅಭಿಯಾನದ ಗ್ರಾಮ ಸಮಿತಿಗೆ ವರ್ಷಕ್ಕೆ 10,000 ರೂಪಾಯಿಗಳ ನಿಧಿಯು ಗೊತ್ತಾಯಿತು. ಲೆಕ್ಕ ಹಾಕಿದರೆ ದಿನಕ್ಕೆ 27 ರೂಪಾಯಿ. ಚರಂಡಿಯ ಶುದ್ಧಿಯೂ ಬಡರೋಗಿಯ ಸಾಗಾಟವೂ ಇದರಲ್ಲಿಯೇ ಆಗಬೇಕು. ಅಲ್ಲದೆ ಸಮಿತಿಯ ಕಾರ್ಯದರ್ಶಿಯಾದ ಆಶಾ ಕಾರ್ಯಕರ್ತೆಗೆ ಪ್ರೋತ್ಸಾಹಧನವು ಬರುವುದು ಅದೇ ಇಲಾಖೆಯಿಂದ. ಯಾರ ಕೈಯಿಂದ ತನ್ನ ಅನ್ನವು ಬರುವುದೋ ಅವರ ತಪ್ಪನ್ನು ಅವಳು ಬರೆಯಲೆಂದು ಅಪೇಕ್ಷಿಸುವುದು ನ್ಯಾಯವೆ?

ಇಲಾಖೆಯ ತಪಾಸಣಾಧಿಕಾರಿಗಳಿರುವಾಗ ಊರವರ ಗೊಡವೆ ಏಕೆಂದು ಕೆಲವರು ಕೇಳುವರು. ಅಧಿಕಾರಿಯು ಬರುವ ದಿನ ಬಾಗಿಲು ತೆರೆದೇ ಇರುವುದು. ಬಾರದ ದಿನದ ಸಂಗತಿಯನ್ನು ಊರವರೇ ಬಲ್ಲರು. ಓದುಬರಹವಿಲ್ಲದವರಿಗೆ ವೈದ್ಯವೇನು ತಿಳಿಯುವುದೆಂಬುದು ಎರಡನೆಯ ಆಕ್ಷೇಪವು. ಶಸ್ತ್ರಚಿಕಿತ್ಸೆಯ ಗುಣದೋಷವನ್ನು ಹಳ್ಳಿಗರು ಹೇಳಲಾರರು, ನಿಜ. ಆದರೆ ವೈದ್ಯರು ಬಂದಿದ್ದರೆ, ಮಾತ್ರೆಯು ದೊರೆಯಿತೆ, ಪುಕ್ಕಟೆ ಚಿಕಿತ್ಸೆಗೆ ಲಂಚ ಕೇಳಿದರೆ ಎಂಬುದನ್ನು ಹೇಳಲು ಯಾವ ಪದವಿಯೂ ಬೇಡ. ಇದೇ ಹಣದಿಂದ ಔಷಧವನ್ನೇ ಕೊಳ್ಳಬಾರದೇಕೆಂಬುದು ಮೂರನೆಯದು. ತಳವೊಡೆದ ಕೊಡಕ್ಕೆ ಮತ್ತಷ್ಟು ನೀರು ಹೊಯ್ಯುವುದು ಜಾಣತನವಲ್ಲ.

ಇದರಿಂದ ಫಲವುಂಟೆ ಎಂಬ ಪ್ರಶ್ನೆಯು ಮಾತ್ರ ಗಂಭೀರವಾದುದು. ಯುಗಾಂಡಾ ದೇಶದ ಒಂಬತ್ತು ಜಿಲ್ಲೆಗಳ 50 ಗ್ರಾಮ ಚಿಕಿತ್ಸಾಲಯಗಳಲ್ಲಿ ನಡೆದ ಪರೀಕ್ಷೆಯ ಫಲವು 2009ರಲ್ಲಿ ಪ್ರಕಟವಾಯಿತು. ಊರವರು ಕಾವಲಿದ್ದ ಕಡೆಗಳಲ್ಲಿ ಒಂದೇ ವರ್ಷದಲ್ಲಿ ಐದು ವರ್ಷದೊಳಗಿನ ಮಕ್ಕಳ ಮರಣವು ಶೇಕಡ 33ರಷ್ಟು ಕಡಿಮೆಯಾಗಿತ್ತು. ಅದೇ ದೇಶದಲ್ಲಿ ಮುಂದೆ ನಡೆದ ಇನ್ನೂ ದೊಡ್ಡ ಪರೀಕ್ಷೆಯಲ್ಲಿ ಚಿಕಿತ್ಸೆಯ ಗುಣವು ಕೊಂಚ ಸುಧಾರಿಸಿತಾದರೂ ಮರಣವು ಇಳಿದುದು ಕಾಣಲಿಲ್ಲ. ಇದನ್ನು ಮುಚ್ಚಿಡುವುದು ಸತ್ಯಕ್ಕೆ ದ್ರೋಹ. ಕಾವಲು ಮಂತ್ರದಂಡವಲ್ಲ, ನಾಲ್ಕು ಸಭೆ ನಡೆಸಿ ಕೈತೊಳೆದುಕೊಂಡರೆ ಮಕ್ಕಳು ಬದುಕುವುದಿಲ್ಲ. ದೂರಿಗೆ ಉತ್ತರ ಕೊಡುವ ಅಧಿಕಾರಿಯೂ, ವರ್ಷ ವರ್ಷವೂ ನಿಲ್ಲದೆ ನಡೆಯುವ ಕಾರ್ಯವೂ ಬೇಕು. ನಿಲ್ಲದೆ ನಡೆಯಬೇಕಾದರೆ ನಿಲ್ಲದೆ ಬರುವ ಹಣವು ಬೇಕು.

ಆ ಹಣವನ್ನು ಪರದೇಶದ ದಾನಿಗಳು ಕೊಡಲೆಂದರೆ ಅದೂ ನೆಚ್ಚತಕ್ಕದ್ದಲ್ಲ. ದಕ್ಷಿಣ ಆಫ್ರಿಕದಲ್ಲಿ ಎಚ್.ಐ.ವಿ. ಸೋಂಕಿತರ ಸಂಘಗಳು ಕೂಡಿ 2019ರಲ್ಲಿ ರಿಟ್ಶಿಡ್ಜೆ ಎಂಬ ಏರ್ಪಾಡನ್ನು ಕಟ್ಟಿ, ನೂರಾರು ಚಿಕಿತ್ಸಾಲಯಗಳ ಮೇಲೆ ಕಣ್ಣಿಟ್ಟವು. ಅದಕ್ಕೆ ಆಧಾರವು ಅಮೆರಿಕದ ಹಣ. 2025ರ ಜನವರಿಯಲ್ಲಿ ಆ ದೇಶವು ವಿದೇಶೀ ಸಹಾಯವನ್ನು ತಡೆಹಿಡಿದೊಡನೆ ಆ ಆಧಾರವೇ ಕುಸಿಯಿತು. ಪರರ ಎಣ್ಣೆಯಿಂದ ಉರಿಯುವ ದೀಪವು ಪರರ ಇಚ್ಛೆಯಿಂದ ಆರುವುದು.

ಹಾಗಾದರೆ ದಾರಿ ಯಾವುದು? ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯಲ್ಲಿ, 2011ರ ನಿಯಮಗಳ ತರುವಾಯ, ಕಾಮಗಾರಿ ನಡೆಸುವವರ ಅಧೀನದಲ್ಲಿಲ್ಲದ ಸಾಮಾಜಿಕ ಪರಿಶೋಧನಾ ಘಟಕಗಳಿಗೆ ಒಟ್ಟು ವೆಚ್ಚದ ಶೇಕಡ 0.5ರ ವರೆಗೆ ಕೊಡುವ ಏರ್ಪಾಡಾಗಿತ್ತು. ಮೇಘಾಲಯವು 2017ರಲ್ಲಿ ಸಾಮಾಜಿಕ ಪರಿಶೋಧನೆಗೆ ಪ್ರತ್ಯೇಕ ಶಾಸನವನ್ನೇ ಮಾಡಿತು. ಕೂಲಿಯ ಲೆಕ್ಕಕ್ಕೆ ಸಲ್ಲುವ ನ್ಯಾಯವು ಪ್ರಾಣದ ಲೆಕ್ಕಕ್ಕೆ ಸಲ್ಲದೆ? ಆರೋಗ್ಯದ ಆಯವ್ಯಯದಲ್ಲಿ ಇಷ್ಟೇ ಸಣ್ಣ ಪಾಲನ್ನು ಶಾಸನದಿಂದಲೇ ಗೊತ್ತುಮಾಡಿ, ಅದು ಇಲಾಖೆಯ ಕೈಯನ್ನು ಮುಟ್ಟದೆ ಸ್ವತಂತ್ರ ಮಂಡಲಿಯ ಮೂಲಕ ಗ್ರಾಮಸಭೆಗಳಿಗೆ ಸಲ್ಲುವಂತೆ ಮಾಡತಕ್ಕದ್ದು. ಕೂಲಿ ಬಿಟ್ಟು ಕಾವಲು ಕಾಯುವ ಹೆಂಗಸಿಗೆ ಆ ದಿನದ ಕೂಲಿಯನ್ನು ಕೊಡತಕ್ಕದ್ದು. ಆಯಾ ಹಳ್ಳಿಯ ಲೆಕ್ಕವನ್ನು ಆಯಾ ಚಾವಡಿಯಲ್ಲಿ ಓದತಕ್ಕದ್ದು.

ಜನಸೇವೆಗೆ ಹಣವೇಕೆಂದು ಹುಬ್ಬೇರಿಸುವ ಸಜ್ಜನರು ಸಂಬಳವಿಲ್ಲದೆ ದುಡಿಯುವ ತಪಾಸಣಾಧಿಕಾರಿಯೊಬ್ಬನನ್ನು ತೋರಿಸಲಿ. ಹೊಲದ ಕಾವಲುಗಾರನಿಗೂ ಸುಗ್ಗಿಯಲ್ಲಿ ಕಾಳು ಅಳೆದು ಕೊಡುವುದು ಈ ನಾಡಿನ ರೂಢಿ. ಮಕ್ಕಳ ಪ್ರಾಣವನ್ನು ಕಾಯುವವರಿಗೆ ಬರಿಯ ಹೊಗಳಿಕೆಯನ್ನು ಅಳೆದು ಕೊಡುವುದು ಯಾವ ಧರ್ಮ?